ಗ್ರಾಮೀಣ ಗೃಹಸಾಲದ ಅರ್ಹತೆ, ಅಮೆರಿಕದಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದ ಹಳ್ಳಿಗಾಡಿನಲ್ಲಿ ಮನೆ ಕೊಳ್ಳಲು, ಕಟ್ಟಲು ಅಥವಾ ದುರಸ್ತಿ ಮಾಡಿಸಲು ಒಕ್ಕೂಟ ಸರ್ಕಾರದ ಬೆಂಬಲದಿಂದ ಸಾಲ ದೊರೆಯುತ್ತದೆ. ಅದನ್ನು ಯಾರು, ಎಲ್ಲಿ, ಎಂಥ ಮನೆಗೆ ಪಡೆಯಬಹುದು ಎಂಬುದನ್ನು ತೀರ್ಮಾನಿಸುವ ನಿಯಮಗಳೇ ಈ ಅರ್ಹತೆ. ಇಂಥ ಸಾಲಗಳಲ್ಲಿ ಮುಖ್ಯವಾದದ್ದು ಕೃಷಿ ಇಲಾಖೆ, ಅಂದರೆ ಯು.ಎಸ್.ಡಿ.ಎ., ನಡೆಸುವ ಯೋಜನೆ. 1949ರ ವಸತಿ ಕಾಯ್ದೆಯ 502ನೆಯ ಕಲಮಿನಿಂದ ಹುಟ್ಟಿದ್ದರಿಂದ ಸಾಲ ಕೊಡುವವರ ಬಾಯಲ್ಲಿ ಅದು ಬರೀ ‘ಐನೂರ ಎರಡು’. ಇದರ ಪಕ್ಕದಲ್ಲೇ ಒಕ್ಕೂಟ ವಸತಿ ಆಡಳಿತದ ಎಫ್.ಎಚ್.ಎ. ಸಾಲ, ಮಾಜಿ ಸೈನಿಕರ ವಿ.ಎ. ಸಾಲ ಮತ್ತು ಮೂಲನಿವಾಸಿಗಳಿಗೆ ಮೀಸಲಾದ ಯೋಜನೆಗಳೂ ಇವೆ.

ಈ ನಿಯಮಗಳಲ್ಲಿ ಮತ್ತೆ ಮತ್ತೆ ಬರುವ ಕೌಂಟಿ ಎಂಬುದು ರಾಜ್ಯದ ಕೆಳಗಿನ ಆಡಳಿತ ಘಟಕ. ದೇಶದಲ್ಲಿ ಇಂಥವು 3,100ಕ್ಕೂ ಹೆಚ್ಚು. ನಮ್ಮ ಜಿಲ್ಲೆಯಂತೆ ಎಂದು ಹೇಳುವುದು ವಾಡಿಕೆಯಾದರೂ ಗಾತ್ರದಲ್ಲಿ ಅವುಗಳಿಗೆ ಒಂದು ಅಳತೆಯೇ ಇಲ್ಲ: ಹೋಬಳಿಯಷ್ಟು ಪುಟ್ಟವೂ ಇವೆ, ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೊ ಕೌಂಟಿ ಇಡೀ ಕೇರಳಕ್ಕಿಂತ ದೊಡ್ಡದು. ‘ನಮ್ಮ ಕೌಂಟಿ ಅರ್ಹವೇ?’ ಎಂದು ಕೇಳುವವರು ಬಹಳ. ಪ್ರಶ್ನೆಯೇ ಸ್ವಲ್ಪ ತಪ್ಪು. ಕೌಂಟಿಯ ಹೆಸರು ಆದಾಯದ ಮಿತಿಯನ್ನು ಗೊತ್ತುಮಾಡುತ್ತದೆ. ಜಾಗ ಗ್ರಾಮೀಣ ಹೌದೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದು ಆ ಮನೆ ನಿಂತಿರುವ ವಿಳಾಸ.

ಹಿನ್ನೆಲೆ

ಕೃಷಿ ಇಲಾಖೆ ಮನೆಗೆ ಸಾಲ ಕೊಡುವುದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಕಾರಣ ಇತಿಹಾಸದಲ್ಲಿದೆ. 1930ರ ದಶಕಕ್ಕೆ ಮುಂಚೆ ಅಮೆರಿಕದಲ್ಲಿ ಮನೆ ಸಾಲದ ಅವಧಿ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ. ಬೆಲೆಯ ಅರ್ಧದಷ್ಟನ್ನು ಮುಂಗಡವಾಗಿ ಕಟ್ಟಬೇಕಿತ್ತು. 1934ರಲ್ಲಿ ಹುಟ್ಟಿದ ಎಫ್.ಎಚ್.ಎ. ಬ್ಯಾಂಕುಗಳಿಗೆ ವಿಮೆಯ ಭರವಸೆ ಕೊಟ್ಟು ದೀರ್ಘಾವಧಿಯ ಸಮಕಂತಿನ ಸಾಲವನ್ನು ಬಳಕೆಗೆ ತಂದಿತು. ಆದರೆ ಅದರ ಒಲವೆಲ್ಲ ನಗರದ ಅಂಚಿನ ಹೊಸ ಬಡಾವಣೆಗಳ ಕಡೆಗಿತ್ತು. ಬ್ಯಾಂಕೇ ಇಲ್ಲದ ಊರಿನಲ್ಲಿ ಬ್ಯಾಂಕಿಗೆ ಕೊಟ್ಟ ವಿಮೆಯಿಂದ ಯಾರಿಗೆ ಪ್ರಯೋಜನ? ವಿ.ಎ. ಯೋಜನೆಗೂ ಇದೇ ತೊಡಕು ಎದುರಾದುದರಿಂದ 1950ರಲ್ಲಿ ಹಳ್ಳಿಗಾಡಿನ ಮಾಜಿ ಸೈನಿಕರಿಗೆ ಸರ್ಕಾರವೇ ನೇರ ಸಾಲ ಕೊಡುವ ಏರ್ಪಾಡು ಮಾಡಬೇಕಾಯಿತು.

ಅಧ್ಯಕ್ಷ ಹ್ಯಾರಿ ಟ್ರೂಮನ್ 1949ರ ಜುಲೈ 15ರಂದು ಸಹಿ ಹಾಕಿದ ವಸತಿ ಕಾಯ್ದೆಯ ಐದನೆಯ ಭಾಗ, ರೈತರಿಗೆ ಮನೆ ಕಟ್ಟಲು ಸಾಲ ಕೊಡುವ ಅಧಿಕಾರವನ್ನು ಕೃಷಿ ಇಲಾಖೆಯ ‘ಫಾರ್ಮರ್ಸ್ ಹೋಮ್ ಅಡ್ಮಿನಿಸ್ಟ್ರೇಷನ್’ ಎಂಬ ಸಂಸ್ಥೆಗೆ ಒಪ್ಪಿಸಿತು. 1946ರಲ್ಲಿ ಸ್ಥಾಪನೆಯಾಗಿದ್ದ ಈ ಸಂಸ್ಥೆಗೆ ದೂರದ ಕೌಂಟಿಗಳಲ್ಲೂ ಕಚೇರಿಗಳಿದ್ದವು. ಸಾಲಗಾರನ ಹೊಲ, ಹಟ್ಟಿ, ಹಳೆಯ ಬಾಕಿ ಎಲ್ಲವೂ ಅಲ್ಲಿನ ಮೇಲ್ವಿಚಾರಕರಿಗೆ ಗೊತ್ತಿರುತ್ತಿದ್ದವು. ಹೊಲವಿಲ್ಲದ ಗ್ರಾಮಸ್ಥರಿಗೂ 1961ರಲ್ಲಿ ಬಾಗಿಲು ತೆರೆಯಿತು. 1968ರಲ್ಲಿ ಬಡ್ಡಿ ಸಹಾಯಧನ ಸೇರಿತು. 1990ರ ಕಾಯ್ದೆ ಖಾಸಗಿ ಬ್ಯಾಂಕಿನ ಸಾಲಕ್ಕೆ ಸರ್ಕಾರ ಜಾಮೀನು ನಿಲ್ಲುವ ಪದ್ಧತಿಯನ್ನು ನೆಲೆಗೊಳಿಸಿತು. 1994ರ ಪುನರ್ರಚನೆಯಲ್ಲಿ ಹಳೆಯ ಸಂಸ್ಥೆ ಮುಚ್ಚಿಹೋಗಿ, ಮನೆಯ ಕೆಲಸ ಗ್ರಾಮೀಣ ವಸತಿ ಸೇವೆಗೆ, ಬೇಸಾಯದ ಸಾಲ ಬೇರೊಂದು ಸಂಸ್ಥೆಗೆ ಹೋಯಿತು. ಕೌಂಟಿ ಕಚೇರಿಗಳು ಒಂದರಲ್ಲೊಂದು ವಿಲೀನವಾದವು. ಇಂದು ಅರ್ಜಿದಾರನನ್ನು ಮೊದಲು ಅಳೆಯುವುದು ಕಂಪ್ಯೂಟರ್.

‘ಅರ್ಹ’ ಎಂಬ ಮಾತು ಎಲ್ಲರಿಗೂ ಒಂದೇ ಅರ್ಥದಲ್ಲಿ ಸಲ್ಲಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಮಿಸಿಸಿಪ್ಪಿ ರಾಜ್ಯದ ನಗರಗಳಲ್ಲಿ 1947ರಲ್ಲಿ ವಿ.ಎ. ಜಾಮೀನಿನ ಮೇಲೆ ಕೊಟ್ಟ 3,229 ಸಾಲಗಳಲ್ಲಿ ಕಪ್ಪು ಜನರಿಗೆ ಸಿಕ್ಕಿದ್ದು ಎರಡು. ಕಾಗದದ ಮೇಲೆ ಆ ಸೈನಿಕರೆಲ್ಲ ಅರ್ಹರೇ. ಮನೆ ಮಾರಾಟದಲ್ಲೂ ಬಾಡಿಗೆಯಲ್ಲೂ ಜನಾಂಗಭೇದ ಮಾಡಬಾರದೆಂಬ ಕಾನೂನು ಬರಲು 1968ರವರೆಗೆ ಕಾಯಬೇಕಾಯಿತು.

ಜಾಗದ ಅರ್ಹತೆ

‘ಗ್ರಾಮೀಣ’ ಎಂದರೇನು ಎಂಬುದಕ್ಕೆ ಅಮೆರಿಕದ ಸರ್ಕಾರದಲ್ಲಿ ಒಂದೇ ಉತ್ತರವಿಲ್ಲ. ಜನಗಣತಿ ಇಲಾಖೆ ಜನವಸತಿಯ ದಟ್ಟಣೆ ನೋಡುತ್ತದೆ. 2020ರ ಗಣತಿಗೆ ಅದು 5,000 ಜನ ಅಥವಾ 2,000 ಮನೆಗಳನ್ನು ಪಟ್ಟಣದ ಕನಿಷ್ಠ ಗಡಿಯಾಗಿ ಇಟ್ಟುಕೊಂಡಿತು. ಬಜೆಟ್ ಕಚೇರಿ ಇಡೀ ಕೌಂಟಿಯನ್ನೇ ಒಂದು ಘಟಕವಾಗಿ ತೆಗೆದುಕೊಂಡು ಮಹಾನಗರ ಪ್ರದೇಶ ಹೌದು, ಅಲ್ಲ ಎಂದು ಬೇರ್ಪಡಿಸುತ್ತದೆ. ವಸತಿ ಕಾಯ್ದೆಯ ಲೆಕ್ಕ ಇವೆರಡಕ್ಕಿಂತಲೂ ಬೇರೆ. ಬಯಲು ಪ್ರದೇಶ ಮತ್ತು 2,500 ಮೀರದ ಊರುಗಳು ಸರಾಗವಾಗಿ ಒಳಗೆ ಬರುತ್ತವೆ. 10,000 ಜನರವರೆಗಿನ ಊರು ಗ್ರಾಮೀಣ ಸ್ವರೂಪದ್ದಾಗಿದ್ದರೆ ಸಾಕು. 10,000 ದಾಟಿ 20,000ದವರೆಗೆ ಇದ್ದರೆ ಅದು ಮಹಾನಗರ ಪ್ರದೇಶದ ಹೊರಗಿರಬೇಕು, ಕಡಿಮೆ ಆದಾಯದವರಿಗೆ ಅಲ್ಲಿ ಮನೆ ಸಾಲದ ಕೊರತೆಯೂ ಇರಬೇಕು.

ಇದರ ಮೇಲೆ ಒಂದು ವಿನಾಯಿತಿ ಇದೆ. ಹಿಂದೆ ಗ್ರಾಮೀಣ ಎನಿಸಿಕೊಂಡಿದ್ದ ಊರು ಬೆಳೆದು ಮಿತಿ ದಾಟಿದರೂ, ಅದರ ಸ್ವರೂಪ ಬದಲಾಗದಿದ್ದರೆ ಮತ್ತು ಸಾಲದ ಕೊರತೆ ಇದ್ದರೆ ಪಟ್ಟಿಯಲ್ಲಿ ಉಳಿಯಬಹುದು. 2014ರ ‘ಫಾರ್ಮ್ ಬಿಲ್’ ಎಂಬ ಕೃಷಿ ಕಾಯ್ದೆ ಈ ಊರುಗಳ ಗರಿಷ್ಠ ಜನಸಂಖ್ಯೆಯನ್ನು 35,000ಕ್ಕೆ ಏರಿಸಿತು. ತನ್ನ ಊರು ನಕಾಶೆಯಿಂದ ಜಾರಿಹೋಗದಂತೆ ನೋಡಿಕೊಳ್ಳುವ ಕೆಲಸ ಯಾವ ಸಂಸದನಿಗೂ ಬೇಡವಾಗಿರಲಿಲ್ಲ.

ಕ್ಯಾಲಿಫೋರ್ನಿಯದ ಟುಲೇರಿ ಕೌಂಟಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕಿತ್ತಳೆ, ದ್ರಾಕ್ಷಿ ಮತ್ತು ಹೈನುಗಾರಿಕೆಗೆ ಹೆಸರಾದ, ಸ್ಯಾನ್ ವಾಕೀನ್ ಕಣಿವೆಯ ಈ ಕೌಂಟಿ ಪೂರ್ವಕ್ಕೆ ಸಿಯೆರ ನೆವಾಡ ಬೆಟ್ಟಗಳವರೆಗೆ ಹಬ್ಬಿದೆ. 2020ರ ಗಣತಿಯಲ್ಲಿ ಇದರ ಕೇಂದ್ರವಾದ ವೈಸೇಲಿಯದ ಜನಸಂಖ್ಯೆ 1,41,000 ದಾಟಿತ್ತು. ಆದ್ದರಿಂದ ಬಜೆಟ್ ಕಚೇರಿಯ ಕಣ್ಣಿನಲ್ಲಿ ಬೆಟ್ಟ, ಕಾಡು, ತೋಟ ಎಲ್ಲ ಸೇರಿ ಇಡೀ ಕೌಂಟಿ ಮಹಾನಗರ ಪ್ರದೇಶ. ಕೃಷಿ ಇಲಾಖೆಯ ನಕಾಶೆಯಲ್ಲಾದರೆ ವೈಸೇಲಿಯ ನಗರ ಹೊರಗೆ, ತೋಟಗಳ ನಡುವಿನ ಸಣ್ಣ ಊರುಗಳು ಒಳಗೆ. ಈ ಗೆರೆ ಕೆಲವೆಡೆ ಒಂದು ರಸ್ತೆಯ ನಡುವೆಯೇ ಹಾದುಹೋಗುತ್ತದೆ. ಎದುರುಬದುರಿನ ಎರಡು ಮನೆಗಳಲ್ಲಿ ಒಂದಕ್ಕೆ ಸಾಲ ಉಂಟು, ಇನ್ನೊಂದಕ್ಕಿಲ್ಲ.

ಆದಾಯದ ಅರ್ಹತೆ: ಖಾತರಿ ಸಾಲ

ಖಾತರಿ ಸಾಲದಲ್ಲಿ ಹಣ ಕೊಡುವುದು ಬ್ಯಾಂಕು ಅಥವಾ ಅಡಮಾನ ಕಂಪನಿ. ಸಾಲ ಕೈಕೊಟ್ಟರೆ ಮೂಲ ಸಾಲದ ಶೇ. 90ರವರೆಗಿನ ನಷ್ಟಕ್ಕೆ ಸರ್ಕಾರ ಜಾಮೀನು. ಮುಂಗಡ ಹಣ ಕಟ್ಟಬೇಕಾಗಿಲ್ಲ, ಅವಧಿ 30 ವರ್ಷ, ಬಡ್ಡಿ ದರ ಕೊನೆಯವರೆಗೂ ಸ್ಥಿರ. ಇದಕ್ಕೆ ಪ್ರತಿಯಾಗಿ ಸಾಲದ ಮೇಲೆ ಶೇ. 1ರಷ್ಟು ಆರಂಭದ ಶುಲ್ಕ, ಬಾಕಿಯ ಮೇಲೆ ವರ್ಷಕ್ಕೆ ಶೇ. 0.35. ಎರಡು ಲಕ್ಷ ಡಾಲರ್ ಸಾಲಕ್ಕೆ ಮೊದಲನೆಯದು 2,000 ಡಾಲರ್, ಅದನ್ನು ಸಾಲಕ್ಕೇ ಸೇರಿಸಿಕೊಳ್ಳಬಹುದು. ಎರಡನೆಯದು ಮೊದಲ ವರ್ಷ ತಿಂಗಳಿಗೆ ಹೆಚ್ಚುಕಡಿಮೆ 58 ಡಾಲರ್. ಅದೇ ಬೆಲೆಯ ಮನೆಗೆ ಎಫ್.ಎಚ್.ಎ. ಕಡೆ ಹೋದರೆ ಶೇ. 3.5ರ ಲೆಕ್ಕದಲ್ಲಿ 7,000 ಡಾಲರ್ ಮುಂಗಡ ಕೈಯಲ್ಲಿರಬೇಕು, ಶೇ. 1.75ರ ಆರಂಭಿಕ ವಿಮಾ ಕಂತು ಬೇರೆ.

ಕುಟುಂಬದ ಆದಾಯ ಆ ಪ್ರದೇಶದ ಮಧ್ಯಮ ಆದಾಯದ ಶೇ. 115ನ್ನು ಮೀರಬಾರದು ಎಂಬುದು ನಿಯಮದ ಸಾರ. ಆಚರಣೆಯಲ್ಲಿ ಒಂದರಿಂದ ನಾಲ್ಕು ಜನರ ಮನೆಗೆ ಒಂದು ಮಿತಿ, ಐದರಿಂದ ಎಂಟು ಜನರ ಮನೆಗೆ ಇನ್ನೊಂದು. 2024ರಲ್ಲಿ ಹೆಚ್ಚಿನ ಕೌಂಟಿಗಳಿಗೆ ಗೊತ್ತುಮಾಡಿದ ಮೊತ್ತ ಕ್ರಮವಾಗಿ 1,12,450 ಮತ್ತು 1,48,450 ಡಾಲರ್. ಜೀವನವೆಚ್ಚ ಜಾಸ್ತಿಯಿರುವ ಕೌಂಟಿಗಳಲ್ಲಿ ಇನ್ನೂ ಹೆಚ್ಚು. ಈ ಸಂಖ್ಯೆಗಳು ವರ್ಷವರ್ಷವೂ ಬದಲಾಗುತ್ತವೆ.

ಅರ್ಜಿದಾರರು ಎಡವುವುದು ಸಾಮಾನ್ಯವಾಗಿ ಇಲ್ಲೇ. ಸಾಲಕ್ಕೆ ಸಹಿ ಹಾಕುವವರ ಸಂಬಳ ಮಾತ್ರ ಲೆಕ್ಕಕ್ಕೆ ಎಂದುಕೊಂಡಿರುತ್ತಾರೆ. ಹಾಗಲ್ಲ, ಆ ಸೂರಿನಡಿ ಬಾಳುವ ವಯಸ್ಕರೆಲ್ಲರ ಗಳಿಕೆಯೂ ಸೇರುತ್ತದೆ. ಗಂಡ, ಹೆಂಡತಿ, ಒಂದು ಮಗು, ಜೊತೆಯಲ್ಲೇ ಇರುವ ಭಾಮೈದ ಎಂದಿಟ್ಟುಕೊಳ್ಳೋಣ. ಗಂಡನಿಗೆ ವರ್ಷಕ್ಕೆ 62,000, ಹೆಂಡತಿಗೆ 38,000, ಭಾಮೈದನಿಗೆ 24,000 ಡಾಲರ್, ಒಟ್ಟು 1,24,000. ಮಗುವಿನ ಬಾಬ್ತು 480 ಡಾಲರ್ ಕಳೆಯಬಹುದು. ದಂಪತಿ ಕೆಲಸಕ್ಕೆ ಹೋಗಲು ಮಗುವನ್ನು ಶಿಶುಪಾಲನಾ ಕೇಂದ್ರದಲ್ಲಿ ಬಿಡುವ ಖರ್ಚು 7,200 ಇದ್ದರೆ ಅದನ್ನೂ ಕಳೆಯಬಹುದು. ಉಳಿಯುವುದು 1,16,320. ನಾಲ್ಕು ಜನರ 2024ರ ಮಿತಿ 1,12,450 ಆದ್ದರಿಂದ ಅರ್ಜಿ ಅಲ್ಲಿಗೇ ನಿಂತಿತು, ಸಾಲಕ್ಕೂ ಭಾಮೈದನಿಗೂ ಸಂಬಂಧವೇ ಇಲ್ಲದಿದ್ದರೂ. ಅವನು ಬೇರೆ ಮನೆ ಮಾಡಿಕೊಂಡರೆ ಉಳಿದವರು ಅರ್ಹರು. ಇಲ್ಲವೇ ಮನೆಗೆ ಇನ್ನೊಂದು ಮಗು ಬಂದು ತಲೆ ಐದಾದರೆ ಮಿತಿ 1,48,450ಕ್ಕೆ ಜಿಗಿದು ಅದೇ ಕುಟುಂಬ ಅದೇ ಗಳಿಕೆಯಲ್ಲಿ ಅರ್ಹವಾಗುತ್ತದೆ. ಅವಿಭಕ್ತ ಕುಟುಂಬದ ರೂಢಿಯುಳ್ಳ ವಲಸಿಗರನ್ನು ಈ ನಿಯಮ ಹೆಚ್ಚು ಕಾಡುವುದು ಸಹಜ.

ಮರುಪಾವತಿಯ ಶಕ್ತಿಯನ್ನು ಅಳೆಯುವಾಗ ಲೆಕ್ಕ ತಿರುಗಿಬೀಳುತ್ತದೆ. ಆಗ ಭಾಮೈದನ ಸಂಬಳ ಬೇಡ, ಸಹಿ ಹಾಕುವವರದು ಮಾತ್ರ ಬೇಕು. ಅಸಲು, ಬಡ್ಡಿ, ಆಸ್ತಿ ತೆರಿಗೆ, ವಿಮೆ ಎಲ್ಲ ಸೇರಿದ ತಿಂಗಳ ಕಂತು ಆದಾಯದ ಶೇ. 29ರೊಳಗೆ, ಇತರ ಸಾಲಗಳನ್ನೂ ಸೇರಿಸಿದರೆ ಶೇ. 41ರೊಳಗೆ ಇರಬೇಕೆಂಬುದು ಸಾಮಾನ್ಯ ಅಳತೆ. ತಿಂಗಳಿಗೆ 5,000 ಡಾಲರ್ ದುಡಿಯುವವರಿಗೆ ಮನೆಯ ಕಂತು 1,450, ಕಾರಿನ ಸಾಲ, ಓದಿನ ಸಾಲ ಎಲ್ಲ ಕೂಡಿ 2,050. ಉಳಿತಾಯ, ಒಳ್ಳೆಯ ಸಾಲಚರಿತ್ರೆ ಮುಂತಾದ ಬಲಗಳಿದ್ದರೆ ಸ್ವಲ್ಪ ಸಡಿಲಿಕೆ ಸಿಗುತ್ತದೆ. ಸಾಲಚರಿತ್ರೆಗೆ ಕನಿಷ್ಠ ಅಂಕವೆಂಬುದನ್ನು ಕಾನೂನು ಗೊತ್ತುಮಾಡಿಲ್ಲ. ಆದರೂ 640 ಎಂಬ ಸಂಖ್ಯೆ ರೂಢಿಯಲ್ಲಿ ಗಡಿಯಂತಾಗಿಬಿಟ್ಟಿದೆ. ಅದಕ್ಕಿಂತ ಕೆಳಗಿನ ಅರ್ಜಿಯನ್ನು ಅಧಿಕಾರಿ ಕೈಯಾರೆ ಪರಿಶೀಲಿಸಬೇಕಾದುದರಿಂದ ಅನೇಕ ಬ್ಯಾಂಕುಗಳು ಮುಟ್ಟುವುದೇ ಇಲ್ಲ. ಕ್ರೆಡಿಟ್ ಕಾರ್ಡನ್ನೇ ಕಂಡಿರದವರು ಬಾಡಿಗೆ, ವಿದ್ಯುತ್, ದೂರವಾಣಿ ಬಿಲ್ಲುಗಳನ್ನು ಸಕಾಲಕ್ಕೆ ಕಟ್ಟಿದ ದಾಖಲೆ ತೋರಿಸಬಹುದು. ಒಕ್ಕೂಟ ಸರ್ಕಾರಕ್ಕೆ ಸುಸ್ತಿ ಬಾಕಿ ಉಳಿಸಿಕೊಂಡವರಿಗೆ ಮಾತ್ರ ಬಾಗಿಲು ಮುಚ್ಚಿದೆ. ಶೇ. 20 ಮುಂಗಡ ಕಟ್ಟಿ ಸಾಮಾನ್ಯ ಸಾಲ ಪಡೆಯಬಲ್ಲ ಉಳ್ಳವರಿಗೂ ಈ ಯೋಜನೆಯಲ್ಲ.

ನೇರ ಸಾಲ ಮತ್ತು ದುರಸ್ತಿ

ನೇರ ಸಾಲವೇ ಹಳೆಯ ಯೋಜನೆ. ಇದರಲ್ಲಿ ಸರ್ಕಾರವೇ ಸಾಹುಕಾರ. ಪ್ರದೇಶದ ಮಧ್ಯಮ ಆದಾಯದ ಶೇ. 80ರೊಳಗಿನವರು ಕಡಿಮೆ ಆದಾಯದವರು, ಶೇ. 50ರೊಳಗಿನವರು ಅತಿ ಕಡಿಮೆ ಆದಾಯದವರು, ನಿಧಿಯಲ್ಲಿ ಶೇ. 40ನ್ನಾದರೂ ಎರಡನೆಯ ವರ್ಗಕ್ಕೆ ಮೀಸಲಿಡಬೇಕು. ಅರ್ಜಿದಾರರಿಗೆ ಸುಸ್ಥಿತಿಯ ಮನೆ ಇರಬಾರದು, ಬೇರೆಲ್ಲೂ ನ್ಯಾಯವಾದ ದರಕ್ಕೆ ಸಾಲ ಹುಟ್ಟಿರಬಾರದು. ಅವಧಿ 33 ವರ್ಷ, ತೀರ ಬಡವರಿಗೆ 38 ವರ್ಷ. ಸಹಾಯಧನ ಸೇರಿದಾಗ ಸಾಲಗಾರನ ಕೈಯಿಂದ ಹೋಗುವ ಬಡ್ಡಿ ಶೇ. 1ರವರೆಗೂ ಇಳಿಯಬಹುದು. ಆ ಸಹಾಯಧನ ಪೂರ್ತಿ ದಾನವಲ್ಲ: ಮನೆ ಮಾರಿದಾಗ ಅಥವಾ ಬಿಟ್ಟುಹೋದಾಗ, ಏರಿದ ಬೆಲೆಯನ್ನು ನೋಡಿಕೊಂಡು ಸರ್ಕಾರ ಒಂದಂಶವನ್ನು ಹಿಂದಕ್ಕೆ ಪಡೆಯುತ್ತದೆ. ಸಂಸತ್ತು ಎಷ್ಟು ಹಣ ಮಂಜೂರು ಮಾಡಿದೆಯೋ ಅಷ್ಟೇ ಸಾಲ, ಆದ್ದರಿಂದ ಅರ್ಹತೆಯ ಪತ್ರ ಕೈಯಲ್ಲಿದ್ದೂ ಸರದಿಯಲ್ಲಿ ಕಾಯುವವರಿದ್ದಾರೆ.

504ನೆಯ ಕಲಮಿನಡಿ ಅತಿ ಕಡಿಮೆ ಆದಾಯದ ಮನೆಯೊಡೆಯರಿಗೆ ದುರಸ್ತಿಗೆ 40,000 ಡಾಲರ್‌ವರೆಗೆ ಶೇ. 1ರ ಬಡ್ಡಿಯಲ್ಲಿ 20 ವರ್ಷದ ಸಾಲ ಸಿಗುತ್ತದೆ. ಸಾಲ ತೀರಿಸಲಾರದ 62 ವರ್ಷ ತುಂಬಿದವರಿಗೆ 10,000 ಡಾಲರ್‌ವರೆಗೆ ಅನುದಾನವೂ ಉಂಟು. ಮೂರು ವರ್ಷದೊಳಗೆ ಮನೆ ಮಾರಿದರೆ ಅದನ್ನು ಹಿಂದಿರುಗಿಸಬೇಕು.

ಮುಯ್ಯಾಳಿನ ಮನೆಗಳು

ನೇರ ಸಾಲದ ಜೊತೆಗೆ ಬೆಳೆದ ಒಂದು ಪದ್ಧತಿಯನ್ನು ವಿಶೇಷವಾಗಿ ಹೇಳಬೇಕು, ಏಕೆಂದರೆ ಅದು ಹುಟ್ಟಿದ್ದೂ ಟುಲೇರಿ ಕೌಂಟಿಯಲ್ಲೇ. ಕಣಿವೆಯ ತೋಟಗಳಲ್ಲಿ ಹಣ್ಣು ಕೀಳುತ್ತಿದ್ದ ಕೂಲಿಗಳು ಗುಡಾರಗಳಲ್ಲೂ ಹರಕು ಬಿಡಾರಗಳಲ್ಲೂ ಇರುತ್ತಿದ್ದರು. 1960ರ ದಶಕದ ಆರಂಭದಲ್ಲಿ ಕ್ವೇಕರ್ ಪಂಥದವರ ಸೇವಾಸಂಸ್ಥೆಯ ನೆರವಿನಿಂದ ಗೋಶನ್ ಎಂಬ ಊರಿನಲ್ಲಿ ಮೂರು ಕುಟುಂಬಗಳು ಸೇರಿ ಮನೆ ಕಟ್ಟಿಕೊಂಡವು. 1965ರಲ್ಲಿ ‘ಸೆಲ್ಫ್-ಹೆಲ್ಪ್ ಎಂಟರ್‌ಪ್ರೈಸಸ್’ ಎಂಬ ಸಂಸ್ಥೆ ಸ್ಥಾಪನೆಯಾಗಿ ಅದನ್ನು ಮುಂದುವರಿಸಿತು. 1968ರಲ್ಲಿ ವಸತಿ ಕಾಯ್ದೆಗೆ ಸೇರಿದ 523ನೆಯ ಕಲಮು ಈ ಕ್ರಮಕ್ಕೆ ಒಕ್ಕೂಟ ಸರ್ಕಾರದ ಅನುದಾನ ಒದಗಿಸಿತು.

ನಮ್ಮ ಕಡೆ ನಾಟಿಗೆ, ಕೊಯ್ಲಿಗೆ ಮುಯ್ಯಾಳು ಹೋಗುವಂತೆಯೇ ಇದೂ. ಕೆಲವು ಕುಟುಂಬಗಳು ಒಂದು ಗುಂಪಾಗಿ ತಳಪಾಯದ ಅಚ್ಚು ಕಟ್ಟುವುದು, ಮರದ ಚೌಕಟ್ಟು ನಿಲ್ಲಿಸುವುದು, ಸೂರು ಹೊದಿಸುವುದು, ಬಣ್ಣ ಬಳಿಯುವುದು ಹೀಗೆ ಶ್ರಮದ ಶೇ. 65ರಷ್ಟನ್ನು ತಾವೇ ಮಾಡುತ್ತವೆ. ವಿದ್ಯುತ್, ಕೊಳಾಯಿಯಂಥ ಪರವಾನಗಿ ಬೇಕಾದ ಕೆಲಸಕ್ಕೆ ಮಾತ್ರ ಕಸುಬುದಾರರು. ವಾರವಿಡೀ ತೋಟದಲ್ಲಿ ದುಡಿದವರು ಸಂಜೆಗಳನ್ನೂ ಶನಿವಾರ ಭಾನುವಾರಗಳನ್ನೂ ಇದಕ್ಕೆ ಎತ್ತಿಡುತ್ತಾರೆ. ಗುಂಪಿನ ಕೊನೆಯ ಮನೆ ಮುಗಿಯುವ ತನಕ ಯಾರೂ ಒಕ್ಕಲಾಗುವಂತಿಲ್ಲ. ಮುಂಗಡ ಹಣದ ಜಾಗದಲ್ಲಿ ಬೆವರನ್ನು ಲೆಕ್ಕ ಹಿಡಿದ ಈ ಪದ್ಧತಿ, ಇಡೀ ಗ್ರಾಮೀಣ ವಸತಿ ಯೋಜನೆಯಲ್ಲೇ ಹೆಚ್ಚು ಅರ್ಥಪೂರ್ಣವಾದ ಭಾಗವೆನ್ನಬಹುದು.

ಮನೆಯ ಅರ್ಹತೆ

ಊರೂ ಕುಟುಂಬವೂ ಅರ್ಹವಾದ ಮೇಲೆ ಮನೆಯ ಸರದಿ. ಅದು ಅರ್ಜಿದಾರರು ಸ್ವತಃ ವಾಸಿಸುವ ಮನೆಯಾಗಿರಬೇಕು. ಬಾಡಿಗೆಗೆ ಕೊಡುವ ಅಥವಾ ರಜಾ ಕಳೆಯುವ ಮನೆಗೆ ಸಾಲವಿಲ್ಲ. ಹಳ್ಳಿಗಾಡಿನಲ್ಲಿ ಹಲವೆಡೆ ನಗರಸಭೆಯ ನೀರು, ಒಳಚರಂಡಿ ಇರುವುದಿಲ್ಲವಾದ್ದರಿಂದ ಬಾವಿಯ ನೀರನ್ನು ಪರೀಕ್ಷೆ ಮಾಡಿಸಬೇಕು, ಸೆಪ್ಟಿಕ್ ಟ್ಯಾಂಕ್ ಸರಿಯಾಗಿ ಕೆಲಸ ಮಾಡಬೇಕು. ಬಾವಿಗೂ ಟ್ಯಾಂಕಿಗೂ 50 ಅಡಿ, ಕೊಳಚೆ ಇಂಗುವ ನೆಲಕ್ಕೂ ಬಾವಿಗೂ 100 ಅಡಿ ಅಂತರ ಎಂಬುದು ಸಾಮಾನ್ಯವಾಗಿ ನೋಡುವ ಅಳತೆ. ವರ್ಷವಿಡೀ ಓಡಾಡಬಹುದಾದ ದಾರಿ ಬೇಕು. ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯ ಮೇಲೆ ಬರುವ ಮನೆಗಳು ಹಳ್ಳಿಗಾಡಿನಲ್ಲಿ ಬಹಳ. ಅವನ್ನು ಶಾಶ್ವತ ತಳಪಾಯದ ಮೇಲೆ ಕೂರಿಸಿರಬೇಕು.

ವಿಚಿತ್ರವೆಂದರೆ, ಕೃಷಿ ಇಲಾಖೆಯ ಈ ಸಾಲದಿಂದ ಹೊಲ ಕೊಳ್ಳುವಂತಿಲ್ಲ. ಆದಾಯ ತರುವ ಭೂಮಿ, ವ್ಯಾಪಾರಕ್ಕೆ ಬಳಸುವ ಕೊಟ್ಟಿಗೆ, ಉಗ್ರಾಣ ಇರುವ ಆಸ್ತಿ ಅನರ್ಹ. ಹಿತ್ತಲಲ್ಲಿ ನಾಲ್ಕು ಕೋಳಿ, ಒಂದು ತರಕಾರಿ ಮಡಿ ಇದ್ದರೆ ಅಡ್ಡಿಯಿಲ್ಲ. ಹಾಲು ಮಾರುವ ಡೈರಿ ಇದ್ದರೆ ಬೇರೆ ಕಚೇರಿಗೆ ಹೋಗಬೇಕು. ರೈತನಿಗಾಗಿ ಹುಟ್ಟಿದ ಕಲಮು ಹೀಗೆ ಹೊಲವಿಲ್ಲದ ಹಳ್ಳಿಯವನ ಸಾಲವಾಗಿ ಮಾರ್ಪಟ್ಟಿದೆ.

ಇತರ ಸಾಲಗಳು

ಎಫ್.ಎಚ್.ಎ. ಸಾಲಕ್ಕೆ ಜಾಗದ ಗೆರೆಯಾಗಲಿ ಆದಾಯದ ಮಿತಿಯಾಗಲಿ ಇಲ್ಲ, ಸಾಲದ ಮೊತ್ತಕ್ಕೆ ಮಾತ್ರ ಕೌಂಟಿವಾರು ಮಿತಿ. ಸಾಲಚರಿತ್ರೆಯ ಅಂಕ 580 ಅಥವಾ ಹೆಚ್ಚಿದ್ದರೆ ಶೇ. 3.5, 500ರಿಂದ 579ರವರೆಗೆ ಶೇ. 10 ಮುಂಗಡ. ವಿ.ಎ. ಸಾಲ ಸೇವೆಯ ದಾಖಲೆಯನ್ನು ನೋಡುತ್ತದೆ, ಮುಂಗಡ ಬೇಡ. ಸಣ್ಣ ಕೌಂಟಿಯಲ್ಲಿ ಮನೆ ನೋಡುವ ಮಾಜಿ ಸೈನಿಕನಿಗೆ ಹಲವು ಸಲ ಇದೇ ಅಗ್ಗ.

ಮೂಲನಿವಾಸಿಗಳ ಮೀಸಲು ಪ್ರದೇಶದಲ್ಲಿ ಈ ಯಾವ ಲೆಕ್ಕವೂ ಸುಲಭವಾಗಿ ಕೂಡುವುದಿಲ್ಲ. ದಕ್ಷಿಣ ಡಕೋಟದ ಓಗ್ಲಾಲ ಲಕೋಟ ಕೌಂಟಿ ಪೂರ್ತಿಯಾಗಿ ಪೈನ್ ರಿಡ್ಜ್ ಮೀಸಲು ಪ್ರದೇಶದೊಳಗಿದೆ. ಅಲ್ಲಿನ ಬಹುಪಾಲು ಭೂಮಿಯನ್ನು ಬುಡಕಟ್ಟಿನ ಅಥವಾ ಅದರ ಸದಸ್ಯರ ಪರವಾಗಿ ಒಕ್ಕೂಟ ಸರ್ಕಾರ ಟ್ರಸ್ಟಿನಲ್ಲಿ ಇರಿಸಿಕೊಂಡಿದೆ. ಜಪ್ತಿ ಮಾಡಿ ಹರಾಜು ಹಾಕಲಾಗದ ನೆಲವನ್ನು ಅಡವಿಟ್ಟುಕೊಳ್ಳಲು ಬ್ಯಾಂಕು ಒಪ್ಪುವುದಿಲ್ಲ. ಈ ಗಂಟು ಬಿಡಿಸಲು 1992ರಲ್ಲಿ ಎರಡು ಯೋಜನೆಗಳು ಬಂದವು: ಬುಡಕಟ್ಟು ಸದಸ್ಯರಿಗೆ 184ನೆಯ ಕಲಮಿನ ಖಾತರಿ ಸಾಲ, ಅವರಲ್ಲಿನ ಮಾಜಿ ಸೈನಿಕರಿಗೆ ವಿ.ಎ. ನೇರ ಸಾಲ. 2018ರಲ್ಲಿ ಕೃಷಿ ಇಲಾಖೆ ಫೋರ್ ಬ್ಯಾಂಡ್ಸ್ ಮತ್ತು ಮಜಾಸ್ಕ ಎಂಬ, ಮೂಲನಿವಾಸಿಗಳೇ ನಡೆಸುವ ಎರಡು ಸಾಲಸಂಸ್ಥೆಗಳಿಗೆ ಹಣ ಕೊಟ್ಟು, ಅವು ತಮ್ಮ ಜನಕ್ಕೆ ಮರುಸಾಲ ನೀಡುವ ಪ್ರಯೋಗ ಆರಂಭಿಸಿತು. ಸಾಲ ಕೇಳುವವರ ಭಾಷೆ, ಬಂಧುತ್ವ, ಭೂಮಿಯ ಕಾಗದ ಬಲ್ಲವರೇ ಸಾಲ ಕೊಡುವಂತಾದದ್ದು ಇದರ ವಿಶೇಷ.

ಪೌರತ್ವ

502ನೆಯ ಕಲಮಿನ ಸಾಲಕ್ಕೆ ಅರ್ಜಿದಾರರು ಅಮೆರಿಕದ ಪ್ರಜೆಗಳು ಇಲ್ಲವೇ ಗ್ರೀನ್ ಕಾರ್ಡ್ ಪಡೆದವರು, ನಿರಾಶ್ರಿತರು ಮುಂತಾದ ಕಾನೂನು ಹೆಸರಿಸಿದ ವರ್ಗದವರಾಗಿರಬೇಕು. ಎಚ್-1ಬಿ ವೀಸಾ ಆ ಪಟ್ಟಿಯಲ್ಲಿಲ್ಲ. ಬಹುಪಾಲು ಕನ್ನಡಿಗರು ನೆಲೆಸಿರುವುದು ದೊಡ್ಡ ನಗರಗಳ ಸುತ್ತ, ಅಲ್ಲಿ ಜಾಗವೇ ಅನರ್ಹ. ವೈದ್ಯರ ಕೊರತೆಯಿರುವ ಹಳ್ಳಿಗಾಡಿನ ಆಸ್ಪತ್ರೆಗಳಿಗೆ ಮೂರು ವರ್ಷದ ಕರಾರಿನ ಮೇಲೆ ಹೋಗುವ ಭಾರತೀಯ ವೈದ್ಯರ ವಿಷಯ ಇದಕ್ಕೆ ತಿರುಗುಮುರುಗು: ಊರು ಅರ್ಹ, ವೀಸಾ ಅಲ್ಲ, ಗ್ರೀನ್ ಕಾರ್ಡ್ ಬರುವ ಹೊತ್ತಿಗೆ ಸಂಬಳ ಮಿತಿ ದಾಟಿರುತ್ತದೆ. ಎಫ್.ಎಚ್.ಎ. ಕೂಡ 2025ರ ಮೇ 25ರಿಂದ ಕಾಯಂ ನಿವಾಸಿಗಳಲ್ಲದವರಿಗೆ ಸಾಲ ನಿಲ್ಲಿಸಿದೆ.

ಮಂಜೂರಾತಿ

ಬ್ಯಾಂಕು ಒಪ್ಪಿದ ಖಾತರಿ ಸಾಲದ ಕಡತ ಕೃಷಿ ಇಲಾಖೆಗೆ ಹೋಗಿ, ಅಲ್ಲಿಂದ ಷರತ್ತಿನ ಒಪ್ಪಿಗೆ ಬಂದ ಮೇಲೆಯೇ ಮನೆಯ ನೋಂದಣಿ. ಸರ್ಕಾರಿ ಕಚೇರಿಗಳು ಬಜೆಟ್ ಬಿಕ್ಕಟ್ಟಿನಿಂದ 2018ರ ಡಿಸೆಂಬರ್ ಕೊನೆಯಿಂದ 35 ದಿನ, 2025ರ ಅಕ್ಟೋಬರ್ 1ರಿಂದ 43 ದಿನ ಮುಚ್ಚಿದ್ದಾಗ ಹೊಸ ಒಪ್ಪಿಗೆಗಳು ನಿಂತು, ಕರಾರು ಮಾಡಿಕೊಂಡಿದ್ದವರು ನಡುದಾರಿಯಲ್ಲಿ ಉಳಿದರು.

ಜಾಗದ ನಕಾಶೆಯನ್ನು ಇಲಾಖೆ ಆಗಾಗ ಪರಿಷ್ಕರಿಸುತ್ತದೆ. ಮನೆ ನೋಡಲು ಹೊರಡುವ ಮುನ್ನ ವಿಳಾಸವನ್ನು ಅದರಲ್ಲಿ ಹಾಕಿ ನೋಡಿಕೊಳ್ಳುವುದು ಕ್ಷೇಮ. 35,000 ಜನರವರೆಗಿನ ಹಳೆಯ ಊರುಗಳಿಗೆ ಇರುವ ವಿನಾಯಿತಿಯನ್ನು 2018ರ ಫಾರ್ಮ್ ಬಿಲ್ ವಿಸ್ತರಿಸಿದೆ. 2030ರ ಜನಗಣತಿಯ ಅಂಕಿಗಳು ಕೈಸೇರುವವರೆಗೆ ಅದು ಜಾರಿಯಲ್ಲಿರುತ್ತದೆ.